ಬೀಗರ ಮನೆಗೆ ಹೊರಟ ಒಂಬತ್ತು ಇಂಚು

"ಈ ಸಲ ಶಿಕಾಗೋದವರಿಗೆ ಚಾಕು ಅಂದ್ರೆ ಏನು ಅಂತ ತೋರಿಸಿಯೇ ಬರ್ತೀನಿ" ಎಂದು ಡೆಲ್ಮರ್ ಪ್ರಿವೆಟ್ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆ ನಡೆದದ್ದು ಅರ್ಕನ್ಸಾ ರಾಜ್ಯದಲ್ಲಿ, ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ. ಸಾಕ್ಷಿಗೆ ಇದ್ದವರು ಇಬ್ಬರು: ಹೆಂಡತಿ ಓಪಲ್ ಮತ್ತು ಒಂದು ಮುದಿ ನಾಯಿ. ನಾಯಿ ಎದ್ದು ಹೊರಗೆ ಹೋಯಿತು. ಓಪಲ್‌ಗೆ ಆ ಸೌಲಭ್ಯ ಇರಲಿಲ್ಲ.

ಜಗಳದ ಬೇರು ಹಿಂದಿನ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿತ್ತು. ಮಗಳು ಟೆಸ್‌ಳನ್ನು ಕೊಟ್ಟಿದ್ದು ಶಿಕಾಗೋದ ಹೊಲೂಬ್ ಮನೆತನಕ್ಕೆ. ಹಬ್ಬದ ಟರ್ಕಿ ಕೋಳಿ ಇಡಿಯಾಗಿ ಬೆಂದು ಮೇಜಿಗೆ ಬಂದಾಗ, ಮೇಜಿನ ತಲೆಭಾಗದಲ್ಲಿ ಕುಳಿತ ಗಂಡಸು ಎದ್ದು ನಿಂತು ಎಲ್ಲರ ಮುಂದೆ ಅದನ್ನು ಹೋಳು ಹೋಳಾಗಿ ಕೊಯ್ದು ಬಡಿಸಬೇಕು. ಅವತ್ತಿನ ಮಟ್ಟಿಗೆ ಅವನೇ ದೊರೆ. ಬೆಳಗಿನಿಂದ ಒಲೆಯ ಮುಂದೆ ಬೆಂದವರ ಹೆಸರನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಬೀಗರಾದ ಲುಡ್ವಿಕ್ ಹೊಲೂಬ್ ಎದ್ದರು, ಗೋಡೆಗೆ ಪ್ಲಗ್ ಸಿಕ್ಕಿಸಿದರು, ಕರೆಂಟಿನ ಚಾಕುವನ್ನು ಗುರ್ರ್ ಎನ್ನಿಸಿ ಕೋಳಿಯ ಮೇಲೆ ಹಾಯಿಸಿದರು.

"ಬೀಗರೇ, ಕೋಳಿ ಕೊಯ್ತಿದ್ದೀರೋ, ಮರ ಕೊಯ್ತಿದ್ದೀರೋ?" ಎಂದು ಡೆಲ್ಮರ್ ಕೇಳಿದ.

ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಲುಡ್ವಿಕ್ ಕಿವಿಯವರೆಗೆ ಕೆಂಪಾದರು. ಮಾತು ಕೈಮೀರುವ ಮೊದಲೇ ಟೆಸ್, "ಮುಂದಿನ ವರ್ಷ ನೀನೇ ಕೊಯ್ಯಪ್ಪಾ, ಆಯ್ತಾ?" ಎಂದು ಮುಗಿಸಿದಳು. ಲುಡ್ವಿಕ್ ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಹೀಗೆ ಬೀಗರ ಮನೆಯ ಮೇಜಿನ ತಲೆಭಾಗ ಡೆಲ್ಮರನ ಪಾಲಿಗೆ ಬಂತು. ಮಗಳ ಮುಂದೆ, ಅಳಿಯನ ಮುಂದೆ, ಅಳಿಯನ ಕಡೆಯ ಸಮಸ್ತರ ಮುಂದೆ ಆ ಕುರ್ಚಿಯಲ್ಲಿ ಮಾನ ಉಳಿಸಿಕೊಳ್ಳಬೇಕಾದ ಹೊಣೆಯೂ ಬಂತು.

ಡೆಲ್ಮರ್ ಬೇಸಿಗೆಯಿಡೀ ಶೆಡ್ಡು ಬಿಟ್ಟು ಬರಲಿಲ್ಲ. ಹಳೆಯ ಲಾರಿಯೊಂದರ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಗೆ ಹಾಕಿ, ಕೆಂಪಗೆ ಕಾಯಿಸಿ, ಬಡಿದು, ಸಾಣೆ ಹಿಡಿದು, ಒಂಬತ್ತು ಇಂಚು ಅಲಗಿನ ಚಾಕು ಮಾಡಿದ. ಹಿಡಿಗೆ ಜಿಂಕೆಯ ಕೊಂಬು. ಒರೆಗೆ ದಪ್ಪ ತೊಗಲು, ಅದರ ಮೇಲೆ ತನ್ನದೇ ಹೆಸರು. ನಿಜ ಹೇಳಬೇಕೆಂದರೆ ಚಾಕು ಬಹಳ ಸೊಗಸಾಗಿ ಬಂದಿತ್ತು. ತೊಂದರೆ ಇದ್ದದ್ದು ಅದನ್ನು ಮಾಡಿದವನಲ್ಲಿ.

ಯಾಕೆಂದರೆ ಚಾಕು ಮುಗಿದ ಮೇಲೆ ಡೆಲ್ಮರನಿಗೆ ಕಾನೂನಿನ ಹುಚ್ಚು ಹತ್ತಿತು. ಒಂದೊಂದು ರಾಜ್ಯದಲ್ಲಿ ಚಾಕುವಿಗೆ ಒಂದೊಂದು ಕಾಯಿದೆ ಎಂದು ಕ್ಷೌರದಂಗಡಿಯಲ್ಲಿ ಯಾರೋ ಹೇಳಿದರು. ಒಂದು ಕಡೆ ಸೊಂಟದಲ್ಲಿ ಕಾಣುವಂತಿದ್ದರೆ ಸರಿ, ಅಡಗಿಸಿಟ್ಟರೆ ತಪ್ಪು. ಇನ್ನೊಂದು ಕಡೆ ಕಂಡರೆ ಜನ ಬೆಚ್ಚುತ್ತಾರೆ, ಪೆಟ್ಟಿಗೆಯಲ್ಲಿ ಬೀಗ ಹಾಕಿದ್ದರೆ ಕ್ಷೇಮ. ಮತ್ತೊಂದು ಕಡೆ ಅಲಗಿಗೆ ಇಂಚಿನ ಲೆಕ್ಕ. ಅವತ್ತಿನಿಂದ ಡೆಲ್ಮರ್ ಜೇಬಿನಲ್ಲಿ ಇಂಚುಪಟ್ಟಿ ಇಟ್ಟುಕೊಂಡು ಓಡಾಡತೊಡಗಿದ. ಹೈಸ್ಕೂಲಿನಲ್ಲಿ ಪುಸ್ತಕ ಕಂಡರೆ ಆಗದಿದ್ದ ಮನುಷ್ಯ ಈಗ ಊಟಕ್ಕೆ ಕುಳಿತರೆ ಕಾಯಿದೆ, ಎದ್ದರೆ ಕಾಯಿದೆ.

"ರೀ, ಅಡುಗೆಮನೆ ಚಾಕು ಅದು. ಟವೆಲಿನಲ್ಲಿ ಸುತ್ತಿ ನನ್ನ ಚೀಲದಲ್ಲಿ ಹಾಕಿ, ಮುಗೀತು" ಎಂದಳು ಓಪಲ್.

"ಸುತ್ತಿದರೆ ಅಡಗಿಸಿದ ಹಾಗೆ. ನಿನ್ನನ್ನ ಜೈಲಿಗೆ ಹಾಕ್ತಾರೆ."

"ಹಾಕ್ಲಿ ಬಿಡಿ. ಅಲ್ಲಾದ್ರೂ ಯಾರೂ ಇಂಚಿನ ಮಾತಾಡಲ್ಲ."

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಇಬ್ಬರೂ ಪಿಕಪ್ ಗಾಡಿಯಲ್ಲಿ ಹೊರಟರು. ಓಪಲ್‌ಳ ತೊಡೆಯ ಮೇಲೆ ಅವಳೇ ಮಾಡಿದ ಸಿಹಿತಿಂಡಿ, ಪೆಕಾನ್ ಪೈ. ಡೆಲ್ಮರನ ಸೊಂಟದಲ್ಲಿ ಚಾಕು. ಅರ್ಕನ್ಸಾ ಮುಗಿಯುವವರೆಗೆ ಎಲ್ಲ ಸರಿಯಿತ್ತು. ಮಿಸೌರಿಯ ಗಡಿಯ ಫಲಕ ಕಂಡ ಕೂಡಲೇ ಡೆಲ್ಮರ್ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ.

"ಏನಾಯ್ತು?"

"ಇಲ್ಲಿಂದ ಮುಂದೆ ನಾಲ್ಕು ಇಂಚಿಗಿಂತ ಉದ್ದದ್ದು ಅಡಗಿಸಿ ಇಟ್ಕೋಬಾರದು. ಕೋಟು ಚಾಕುವನ್ನ ಮುಚ್ತಾ ಇದೆ."

ಕೋಟಿನ ಬಲಗಡೆಯನ್ನು ಮೇಲೆತ್ತಿ ಬೆಲ್ಟಿಗೆ ಸಿಕ್ಕಿಸಿಕೊಂಡ. ನವೆಂಬರಿನ ಚಳಿ. ಎಡ ಸೊಂಟ ಬೆಚ್ಚಗೆ, ಬಲ ಸೊಂಟ ಮರಗಟ್ಟುವ ಹಾಗೆ. ಮತ್ತೆ ಹತ್ತಿ ಕುಳಿತು ಸೀಟ್ ಬೆಲ್ಟ್ ಎಳೆದುಕೊಂಡ. ಓಪಲ್ ಅವನ ಸೊಂಟದ ಕಡೆ ನೋಡಿದಳು.

"ಈಗ ಸೀಟ್ ಬೆಲ್ಟ್ ಮುಚ್ತಾ ಇದೆಯಲ್ರೀ. ಅದೂ ಅಡಗಿಸಿದ ಹಾಗೇನಾ?"

ಅವಳು ಹೇಳಿದ್ದು ಕುಚೋದ್ಯಕ್ಕೆ. ಡೆಲ್ಮರ್ ಅದನ್ನು ಕಾನೂನಿನ ಪ್ರಶ್ನೆಯೆಂದು ತಿಳಿದ. ಬೆಲ್ಟ್ ಬಿಚ್ಚಿದರೆ ಅದಕ್ಕೊಂದು ದಂಡ, ಹಾಕಿದರೆ ಇದಕ್ಕೊಂದು ದಂಡ. ಬಹಳ ಹೊತ್ತು ಯೋಚಿಸಿ, ಬೆಲ್ಟನ್ನು ಹಾಕಿಕೊಂಡು, ಚಾಕುವಿನ ಹಿಡಿ ಮಾತ್ರ ಹೊರಗೆ ಇಣುಕುವಂತೆ ಸೊಂಟವನ್ನು ಓರೆ ಮಾಡಿ ಕುಳಿತ. ಸೇಂಟ್ ಲೂಯಿಸ್‌ವರೆಗೂ ಆ ಭಂಗಿಯಲ್ಲೇ ಗಾಡಿ ಓಡಿಸಿದ. ಬೆನ್ನು ಹಿಡಿದುಕೊಂಡಿತು. ಮನುಷ್ಯ ಮಾತ್ರ ಕಾನೂನು ಮುರಿಯಲಿಲ್ಲ.

ದಾರಿಯಲ್ಲಿ ತಿಂಡಿಗೆ ನಿಲ್ಲಿಸಿದರು. ಲಾರಿ ಚಾಲಕರು ತಿನ್ನುವ ಹೋಟೆಲು. ಡೆಲ್ಮರ್ ಕೋಟನ್ನು ಒಂದು ಪಕ್ಕ ಎತ್ತಿ ಸಿಕ್ಕಿಸಿಕೊಂಡು, ಸೊಂಟ ಮುಂದೆ ಮಾಡಿ, ಅಡಗಿಸಿಲ್ಲ ನೋಡಿ ಎನ್ನುವಂತೆ ನಡೆದು ಬಂದ. ಅವನ ಅಕ್ಕಪಕ್ಕದ ಮೇಜುಗಳು ತಾವಾಗಿಯೇ ಖಾಲಿಯಾದವು. ಕಾಫಿ ತಂದ ಹೆಂಗಸು ಓಪಲ್‌ಳ ಕಿವಿಯಲ್ಲಿ, "ಅಮ್ಮಾ, ನೀವು ನಿಮ್ಮ ಇಷ್ಟದಿಂದಲೇ ಇವರ ಜೊತೆ ಹೊರಟಿದ್ದೀರಾ?" ಎಂದು ಕೇಳಿದಳು.

"ಮೂವತ್ತು ವರ್ಷದಿಂದ ನನಗೂ ಅದೇ ಅನುಮಾನ" ಎಂದಳು ಓಪಲ್.

ಅಲ್ಲಿಂದ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಡಿಯೊಳಗೆ ಎದುರಿಗಿಟ್ಟಿದ್ದ ಡೆಲ್ಮರನ ಫೋನು ಬಡಿದುಕೊಂಡಿತು. ಲುಡ್ವಿಕ್ ಹೊಲೂಬ್ ಎಂದು ಹೆಸರು ಬಂತು.

"ಬೀಗರು. ಎತ್ತಲಾ?" ಎಂದು ಓಪಲ್ ಪೈ ಹಿಡಿದಿದ್ದ ಕೈಯೊಂದನ್ನು ಸಡಿಲಿಸಿದಳು.

"ಮುಟ್ಟಬೇಡ. ಕೋಳಿ ಹೇಗೆ ಕೊಯ್ಯಬೇಕು ಅಂತ ಹೇಳೋಕೆ ಮಾಡ್ತಿದ್ದಾರೆ. ಪ್ಲಗ್ ಸಿಕ್ಕಿಸೋನು ನನಗೆ ಪಾಠ ಹೇಳ್ತಾನಂತೆ."

ಫೋನು ಇನ್ನೂ ಎರಡು ಸಲ ಬಡಿದುಕೊಂಡು ಸುಮ್ಮನಾಯಿತು.

ಇಲಿನಾಯ್ ರಾಜ್ಯಕ್ಕೆ ದಾಟುವ ಸೇತುವೆಗೆ ಮುಂಚೆ ಮತ್ತೆ ಗಾಡಿ ನಿಂತಿತು. ಈಗ ಚಾಕುವನ್ನು ಸೊಂಟದಿಂದ ಬಿಚ್ಚಿ, ಪಿಕಪ್ಪಿನ ಹಿಂಭಾಗಕ್ಕೆ ಬೋಲ್ಟು ಹಾಕಿ ಕೂರಿಸಿದ್ದ ಕಬ್ಬಿಣದ ಸಾಮಾನಿನ ಪೆಟ್ಟಿಗೆಯಲ್ಲಿ ಮಲಗಿಸಿ, ಬೀಗ ಹಾಕಿ, ಜಗ್ಗಿ ನೋಡಿ, ಇನ್ನೊಮ್ಮೆ ಜಗ್ಗಿ ನೋಡಿ ಬಂದ. ಕೂಸನ್ನು ತೊಟ್ಟಿಲಿಗೆ ಹಾಕುವಾಗಲೂ ಈ ಗಂಡಸು ಇಷ್ಟು ಜೋಪಾನ ಮಾಡಿರಲಿಲ್ಲ. ಹಾಗೆಂದು ಓಪಲ್ ಬಾಯಿಬಿಟ್ಟೇ ಹೇಳಿದಳು.

ಶಿಕಾಗೋ ತಲುಪಿದಾಗ ಮಧ್ಯಾಹ್ನ ಇಳಿಯುತ್ತಿತ್ತು. ಬೀಗರ ಬೀದಿಯಲ್ಲಿ ಗಾಡಿ ನಿಲ್ಲಿಸಲು ಒಂದು ಗೇಣು ಜಾಗವೂ ಇಲ್ಲ. ಹಬ್ಬಕ್ಕೆ ಬಂದವರ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ನಾಲ್ಕು ಬೀದಿ ಆಚೆ ಒಂದು ಜಾಗ ಸಿಕ್ಕಿತು. ಡೆಲ್ಮರ್ ಇಳಿದು ಪೆಟ್ಟಿಗೆಯ ಬೀಗ ತೆಗೆದ, ಚಾಕು ಎತ್ತಿಕೊಂಡ, ಹಾಗೇ ನಿಂತುಬಿಟ್ಟ.

"ಬನ್ರೀ, ಕಾಲು ಮರಗಟ್ಟಿದೆ" ಎಂದು ಓಪಲ್ ಕರೆದಳು.

"ಬರೋದು ಹೇಗೆ?" ಎಂದ ಡೆಲ್ಮರ್. ಅವನ ಮುಖದ ಬಣ್ಣ ಹೋಗಿತ್ತು. "ಈ ಊರಲ್ಲಿ ಎರಡೂವರೆ ಇಂಚಿಗಿಂತ ಉದ್ದದ ಅಲಗನ್ನ ಮೈಮೇಲೆ ಅಡಗಿಸಿಕೊಂಡು ತಿರುಗೋ ಹಾಗಿಲ್ಲ. ಗಾಡಿಯಲ್ಲಿ ಬೀಗ ಹಾಕಿ ತಂದಿದ್ದು ಸರಿ. ಗಾಡಿಯಿಂದ ಮನೆವರೆಗೆ ಏನು ಮಾಡೋದು?"

ರಾಜ್ಯ ರಾಜ್ಯ ದಾಟಿ ಬಂದ ಮಹಾನುಭಾವ ಕೊನೆಯ ನಾಲ್ಕು ಬೀದಿಯನ್ನು ಮರೆತಿದ್ದ.

"ಅಡಗಿಸಬಾರದು ಅಂದ್ರೆ ಕೈಯಲ್ಲಿ ಹಿಡ್ಕೊಂಡು ಬನ್ನಿ" ಎಂದಳು ಓಪಲ್. "ಹಬ್ಬದ ದಿನ ಶಿಕಾಗೋ ಬೀದಿಯಲ್ಲಿ ಒಂಬತ್ತು ಇಂಚಿನ ಚಾಕು ಝಳಪಿಸ್ತಾ ನಡೀರಿ. ಸಂಜೆ ಟೀವೀಲಿ ಬರ್ತೀರಿ. ನಿಮ್ಮನ್ನ ನೋಡಿ ನಿಮ್ಮ ಕ್ಷೌರದಂಗಡಿಯವರು ಸಂತೋಷಪಡ್ತಾರೆ."

"ತಮಾಷೆ ಬೇಡ."

"ಮನೆ ಬಾಗಿಲಿಗೇ ಗಾಡಿ ಒಯ್ದು ಚಾಕು ಇಳಿಸಿ ಬರೋಣ."

"ಬಾಗಿಲಿಗೂ ರಸ್ತೆಗೂ ನಡುವೆ ಫುಟ್‌ಪಾತ್ ಇದೆ. ಅದೂ ನಗರದ್ದೇ."

"ಹಾಗಾದ್ರೆ ಬೀಗರಿಗೆ ಫೋನ್ ಮಾಡಿ ಏನಾದ್ರೂ ದಾರಿ ಕೇಳಿ."

ಡೆಲ್ಮರ್ ಹೆಂಡತಿಯನ್ನು ನೋಡಿದ ನೋಟ, ನೀನು ಯಾರ ಕಡೆ ಎಂದು ಕೇಳುವಂತಿತ್ತು. "ಚಾಕುವನ್ನ ಮನೆಯೊಳಗೆ ತರೋದು ಹೇಗೆ ಅಂತ ಕರೆಂಟು ಚಾಕುವಿನವನನ್ನ ಕೇಳ್ಬೇಕಾ? ಅದಕ್ಕಿಂತ..."

ಪೆಟ್ಟಿಗೆಯಲ್ಲಿ ಬ್ಯಾಟರಿಯ ಮೇಲೆ ಓಡುವ, ಕಬ್ಬಿಣ ಕೊಯ್ಯುವ ಕಟಿಂಗ್ ಮಷಿನ್ ಇತ್ತು. ಡೆಲ್ಮರನ ಕೈ ಅದರ ಕಡೆ ಹೋಯಿತು. ಓಪಲ್ ಅರ್ಥ ಮಾಡಿಕೊಂಡಳು.

"ರೀ, ಬೇಡ. ಬೇಸಿಗೆಯಿಡೀ ಮಾಡಿದ್ದೀರಿ ಅದನ್ನ." ಅಷ್ಟು ಹೊತ್ತಿನವರೆಗೆ ಅವಳ ಮಾತಿನಲ್ಲಿ ಇಲ್ಲದ ಮರುಕ ಈಗ ಇತ್ತು.

"ಕಾನೂನು ಅಂದ್ರೆ ಕಾನೂನು."

ಅವಳು ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಸ್ಕಾರ್ಫನ್ನು ಕಿವಿಗೆ ಸುತ್ತಿಕೊಂಡು, ಪೈಯನ್ನು ತಬ್ಬಿ ಕುಳಿತಳು. ಹಿಂದುಗಡೆ ಕಿಡಿ ಹಾರಿತು. ಕುಲುಮೆಯ ಮುಂದೆ ಬೆವರು ಸುರಿಸಿ ಬಡಿದ ಉಕ್ಕು, ಅದನ್ನು ಬಡಿದ ಕೈಯಿಂದಲೇ ಎರಡು ತುಂಡಾಯಿತು. ಡೆಲ್ಮರ್ ಇಂಚುಪಟ್ಟಿ ಹಿಡಿದು ಅಳೆದ. ಅಳತೆಯನ್ನು ಹಿಡಿಯಿಂದ ಶುರು ಮಾಡಬೇಕೋ, ಹರಿತ ಶುರುವಾಗುವಲ್ಲಿಂದಲೋ ಎಂಬ ಸಂದೇಹ ಬಂತು. ಯಾವುದಕ್ಕೂ ಇರಲಿ ಎಂದು ಇನ್ನೊಂದಿಷ್ಟು ಉಜ್ಜಿದ. ಮೂಗು ಒರೆಸಿಕೊಂಡ. ಚಳಿಗೆ ಮೂಗು ಸೋರುತ್ತಿದೆ ಎಂದು ಆಮೇಲೆ ಹೇಳಿದ, ಓಪಲ್ ಕೇಳಿರಲಿಲ್ಲ.

ಚಾಕು ಮತ್ತೆ ಒರೆ ಸೇರಿ ಸೊಂಟಕ್ಕೆ ಬಂತು. ಇಬ್ಬರೂ ನಡೆಯತೊಡಗಿದರು. ಡೆಲ್ಮರನಿಗೆ ಹೆಜ್ಜೆ ಹೆಜ್ಜೆಗೂ ಧೈರ್ಯ ಬಂತು. ಈ ಜಗತ್ತಿನಲ್ಲಿ ಮೂರ್ಖತನ ಮಾಡಿದವನಿಗೆ ಅದು ತ್ಯಾಗವಾಗಿ ಕಾಣಲು ಎರಡು ಬೀದಿ ಸಾಕು. ಮೂರನೆಯ ಬೀದಿಯ ತಿರುವಿನಲ್ಲಿ ಒಂದು ಪೊಲೀಸ್ ಕಾರು ನಿಂತಿತ್ತು. ಒಳಗೆ ಒಬ್ಬ ಪೊಲೀಸಿನವನು ಕಾಫಿ ಕುಡಿಯುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸಿ ಮುಂದೆ ಹೋಗುತ್ತಿದ್ದರು. ಡೆಲ್ಮರ್ ಹೋಗಿ ಗಾಜು ತಟ್ಟಿದ.

"ಸರ್, ನನ್ನ ಹತ್ರ ಒಂದು ಚಾಕು ಇದೆ."

ಪೊಲೀಸಿನವನ ಕಾಫಿ ಅರ್ಧ ತೊಡೆಯ ಮೇಲೆ ಚೆಲ್ಲಿತು. ಬಾಗಿಲು ತೆರೆದು ಇಳಿದ. ಕೈ ತನ್ನ ಸೊಂಟಕ್ಕೆ ಹೋಗಿತ್ತು.

"ಕೈ ಕಾಣೋ ಹಾಗೆ ಇಡಿ. ಎಲ್ಲಿದೆ?"

"ಇಲ್ಲಿದೆ. ನೀವೇ ತೆಗೀರಿ."

ಪೊಲೀಸಿನವನು ಆ ಉದ್ದನೆಯ ಒರೆ ನೋಡಿ, ಉಸಿರು ಬಿಗಿಹಿಡಿದು, ಜಿಂಕೆಯ ಕೊಂಬಿನ ಹಿಡಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದ. ತಟ್ಟನೆ ಹೊರಗೆ ಬಂತು. ಹೆಬ್ಬೆರಳಿನಷ್ಟು ಉದ್ದದ ಮೊಂಡು ಉಕ್ಕು.

"ಇದೇನಾ?"

"ಎರಡೂವರೆ ಇಂಚಿಗೂ ಒಂದು ಎಳ್ಳಷ್ಟು ಕಮ್ಮಿ ಇದೆ ಸರ್. ಬೇಕಾದ್ರೆ ಅಳೆದು ನೋಡಿ, ಪಟ್ಟಿ ಕೊಡ್ತೀನಿ."

ಪೊಲೀಸಿನವನು ಚಾಕು ನೋಡಿದ, ಒರೆ ನೋಡಿದ, ಪೈ ಹಿಡಿದು ನಿಂತ ಓಪಲ್‌ಳನ್ನು ನೋಡಿದ.

"ಎಲ್ಲಿಂದ ಬಂದ್ರಿ?"

"ಅರ್ಕನ್ಸಾದಿಂದ."

"ಹಾಗೋ" ಎಂದ ಪೊಲೀಸಿನವನು, ಎಲ್ಲ ಪ್ರಶ್ನೆಗೂ ಅದೇ ಉತ್ತರ ಎನ್ನುವಂತೆ. "ಹೋಗಿ ಸರ್. ಹಬ್ಬ ಚೆನ್ನಾಗಿ ಮಾಡಿ. ಇನ್ನೊಬ್ಬ ಪೊಲೀಸಿನವನ ಕಾರಿನ ಗಾಜು ಮಾತ್ರ ತಟ್ಟಬೇಡಿ."

ಡೆಲ್ಮರ್ ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ? ಕಾನೂನು ತಿಳಿದವನಿಗೆ ಪೊಲೀಸರೂ ಸರ್ ಅಂತಾರೆ."

"ಪಾಪದವರಿಗೂ ಅಂತಾರೆ" ಎಂದಳು ಓಪಲ್.

ಬೀಗರ ಮನೆಯಲ್ಲಿ ಊಟದ ಮೇಜು ತುಂಬಿತ್ತು. ನಡುವೆ ಬಂಗಾರದ ಬಣ್ಣಕ್ಕೆ ಬೆಂದ ಟರ್ಕಿ ಕೋಳಿ ಆವಿಯಾಡುತ್ತಿತ್ತು. ತಲೆಭಾಗದ ಕುರ್ಚಿ ಖಾಲಿ. ಲುಡ್ವಿಕ್ ತಾವೇ ಬಂದು ಡೆಲ್ಮರನ ಕೈಹಿಡಿದು ಆ ಕುರ್ಚಿಗೆ ಕರೆದೊಯ್ದರು. ಟೆಸ್ ಅಪ್ಪನ ಹಿಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ಹೆಮ್ಮೆಯಿತ್ತು. ಅಪ್ಪ ಬೇಸಿಗೆಯಿಡೀ ಏನೋ ಮಾಡುತ್ತಿದ್ದಾನೆಂದು ಗಂಡನ ಮನೆಯಲ್ಲಿ ವಾರಗಟ್ಟಲೆ ಹೇಳಿಕೊಂಡಿದ್ದಳು.

"ಹೋದ ವರ್ಷ ನೀವು ಅಂದಿದ್ದು ಸರಿ ಬೀಗರೇ" ಎಂದರು ಲುಡ್ವಿಕ್. "ಆ ಕರೆಂಟಿನ ಚಾಕು ನನಗೇ ನಾಚಿಕೆಯಾಗಿ ಎಸೆದುಬಿಟ್ಟೆ. ಈಗ ಮನೆಯಲ್ಲಿ ಇರೋದು ಆಲೂಗಡ್ಡೆ ಸಿಪ್ಪೆ ತೆಗೆಯೋದು ಒಂದು, ಬ್ರೆಡ್ ಕೊಯ್ಯೋ ಗರಗಸ ಒಂದು. ಎಲ್ಲ ನಿಮ್ಮನ್ನೇ ನಂಬಿ ಕೂತಿದ್ದೀವಿ. ತೆಗೀರಿ ನಿಮ್ಮ ಚಾಕುನ."

ಎಲ್ಲರ ಕಣ್ಣೂ ಆ ಉದ್ದನೆಯ ಒರೆಯ ಮೇಲೆ. ಡೆಲ್ಮರ್ ಹಿಡಿ ಹಿಡಿದು ಎಳೆದ.

ಮೊಂಡು ಹೊರಗೆ ಬಂತು. ಬೀಗಿತ್ತಿ ಒರೆಯನ್ನೇ ನೋಡುತ್ತಿದ್ದರು, ಉಳಿದದ್ದು ಹಿಂದಿನಿಂದ ಬರಬಹುದೆಂದು.

ಡೆಲ್ಮರ್ ಗಂಟಲು ಸರಿಮಾಡಿಕೊಂಡು ಭಾಷಣ ಮಾಡಿದ. ಮಿಸೌರಿಯ ನಾಲ್ಕು ಇಂಚು, ಸೇತುವೆಯ ಹತ್ತಿರದ ಬೀಗ, ಶಿಕಾಗೋದ ಎರಡೂವರೆ, ಗಾಡಿಯಿಂದ ಮನೆಗೆ ನಾಲ್ಕು ಬೀದಿ, ಪೊಲೀಸರ ಮೆಚ್ಚುಗೆ, ಎಲ್ಲವನ್ನೂ ಹೇಳಿದ. ಲುಡ್ವಿಕ್ ತಾಳ್ಮೆಯಿಂದ ಕೇಳಿದರು.

"ಬೀದಿಯಲ್ಲಿ ಯಾಕೆ ನಿಲ್ಲಿಸಿದ್ರಿ? ಹಿಂದಿನ ಗಲ್ಲಿಯಲ್ಲಿ ನಮ್ಮ ಗ್ಯಾರೇಜನ್ನ ನಿಮಗೋಸ್ಕರ ಖಾಲಿ ಮಾಡಿಸಿಟ್ಟಿದ್ದೆ. ಗಾಡಿ ಒಳಗೆ ತಂದು ಬಾಗಿಲು ತೆಗೆದ್ರೆ ಸೀದಾ ನಮ್ಮ ಹಿತ್ತಲು, ಅಲ್ಲಿಂದ ಅಡುಗೆಮನೆ. ಅದನ್ನ ಹೇಳೋಕೇ ಬೆಳಗ್ಗೆ ಮೂರು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ."

ಓಪಲ್ ಛಾವಣಿ ನೋಡಿದಳು. ಡೆಲ್ಮರ್ ಎದ್ದು ನಿಂತು, ಆ ಮೊಂಡು ಚಾಕುವನ್ನು ಕೋಳಿಯ ಎದೆಗೆ ಒತ್ತಿದ. ಅಲಗು ಮುಳುಗಿತು, ಹಿಡಿ ಮುಳುಗಿತು, ಬೆರಳು ಮುಳುಗಿತು. ಎಳೆದಾಗ ಹೋಳು ಬರಲಿಲ್ಲ. ಒಂದು ಹಿಡಿ ಚಿಂದಿ ಬಂತು. ಇನ್ನೊಮ್ಮೆ ಒತ್ತಿದ. ತಟ್ಟೆ ಜಾರಿತು. ಅಳಿಯ ಹಾರಿ ತಟ್ಟೆ ಹಿಡಿದ. ಮಣಿಕಟ್ಟಿನವರೆಗೆ ಕೊಬ್ಬು ಮೆತ್ತಿಕೊಂಡು, ಡೆಲ್ಮರ್ ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಕೋಳಿಯೊಳಗೆ ತಡಕಾಡಿದ.

ಟೆಸ್‌ಗೆ ಇನ್ನು ನೋಡಲಾಗಲಿಲ್ಲ. ಅಪ್ಪನ ಭುಜ ಮುಟ್ಟಿದಳು.

"ಅಪ್ಪಾ, ಸಾಕು ಬಿಡು. ಚಾಕುವಿನ ತುಂಡು ಇಷ್ಟೇ ಆದ್ರೆ, ಮಿಕ್ಕಿದ್ದೆಲ್ಲಿ?"

"ಮಿಕ್ಕಿದ್ದಾ?"

"ಆರೂವರೆ ಇಂಚು ಎಲ್ಲೋ ಇರ್ಬೇಕಲ್ಲ. ಬೀದಿಯಲ್ಲಿ ಎಸೆದು ಬಂದ್ಯಾ?"

"ಎಸೆಯೋಕೆ ಮನಸ್ಸು ಬರಲಿಲ್ಲ ಮಗಾ" ಎಂದ ಡೆಲ್ಮರ್. ಕೊಬ್ಬಿನ ಕೈಯನ್ನು ಒರೆಸಿಕೊಂಡು ಕೋಟಿನ ಒಳಜೇಬಿಗೆ ತೂರಿಸಿದ. ಕರವಸ್ತ್ರದ ಗಂಟೊಂದನ್ನು ತೆಗೆದು ಬಿಚ್ಚಿದ. ಆರೂವರೆ ಇಂಚು ಉಕ್ಕು, ತುದಿ ಸೂಜಿಯ ಹಾಗೆ, ಬಾಯಿ ಕ್ಷೌರದ ಕತ್ತಿಯ ಹಾಗೆ, ದೀಪದ ಬೆಳಕಿಗೆ ಥಳ ಥಳ ಹೊಳೆಯಿತು.

ಮೊದಲು ಅರ್ಥ ಮಾಡಿಕೊಂಡವಳು ಓಪಲ್. ಚಮಚ ಕೆಳಗಿಟ್ಟಳು.

"ಇದು ಅಷ್ಟು ಹೊತ್ತೂ ನಿಮ್ಮ ಒಳಜೇಬಲ್ಲಿತ್ತಾ?"

"ಹೂಂ."

"ಬಟ್ಟೆಯಲ್ಲಿ ಸುತ್ತಿ?"

ಡೆಲ್ಮರ್ ಕೈಯಲ್ಲಿದ್ದ ಕರವಸ್ತ್ರ ನೋಡಿದ. ಅವನ ಮುಖ ನಿಧಾನವಾಗಿ ಬಿಳಿಚಿಕೊಳ್ಳತೊಡಗಿತು.

"ಆ ಪೊಲೀಸಪ್ಪನ ಮುಂದೆ ಎದೆ ಉಬ್ಬಿಸಿ ನಿಂತ್ರಲ್ಲ, ಆಗಲೂ?"

ಅಳಿಯ ನಗು ತಡೆಯಲಾರದೆ ಅಡುಗೆಮನೆಗೆ ಓಡಿದ. ಲುಡ್ವಿಕ್ ನಗಲಿಲ್ಲ, ಅವರು ದೊಡ್ಡ ಮನುಷ್ಯರು. ಆ ತುಂಡನ್ನು ಎತ್ತಿಕೊಂಡು, ಬಿಸಿನೀರಲ್ಲಿ ತೊಳೆದು, ಮೊಂಡು ತುದಿಗೆ ಒಂದು ದಪ್ಪ ಬಟ್ಟೆ ಬಿಗಿಯಾಗಿ ಸುತ್ತಿಕೊಂಡು ಬಂದರು. "ಸ್ವಲ್ಪ ಸರೀತೀರಾ ಬೀಗರೇ?" ಎಂದರು. ಡೆಲ್ಮರ್ ತಲೆಭಾಗದ ಕುರ್ಚಿ ಬಿಟ್ಟು ಪಕ್ಕಕ್ಕೆ ಸರಿದ. ಲುಡ್ವಿಕ್ ಕೋಳಿಯ ಉಳಿದ ಅರ್ಧದ ಮೇಲೆ ಅಲಗನ್ನು ಇಟ್ಟು ಎಳೆದರಷ್ಟೆ. ಎಲೆಯಷ್ಟು ತೆಳ್ಳಗೆ, ಒಂದರ ಮೇಲೊಂದು, ಬಿಳಿಯ ಹೋಳುಗಳು ಮಲಗಿದವು. ಮೇಜಿನ ಸುತ್ತ ಮೆಚ್ಚುಗೆಯ ಉದ್ಗಾರ ಎದ್ದಿತು.

"ಚಾಕು ಮಾತ್ರ ಬಹಳ ಚೆನ್ನಾಗಿದೆ ಬೀಗರೇ" ಎಂದರು ಲುಡ್ವಿಕ್, ಮನಸ್ಸಾರೆ.

ಡೆಲ್ಮರನಿಗೆ ಗೋಡೆಯ ಕಡೆಯ ಕೊನೆಯ ಕುರ್ಚಿಯಲ್ಲಿ ಜಾಗ ಸಿಕ್ಕಿತು. ಅವನು ಯಾರನ್ನೂ ನೋಡದೆ ಕುಳಿತು, ಕಾನೂನಿಗೆ ಒಪ್ಪಿಗೆಯಾದ ತನ್ನ ಎರಡೂವರೆ ಇಂಚಿನಿಂದ ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡ.